ಆಲ್ಫ್ರೆಡ್ ಎಷರ್: ಪದೇ ಪದೇ ಕೇಳುವ ಪ್ರಶ್ನೆಗಳು

ಜ್ಯೂರಿಕ್ ರೈಲು ನಿಲ್ದಾಣದ ದೊಡ್ಡ ಬಾಗಿಲಿನಿಂದ ಹೊರಗೆ ಬಂದರೆ ಎದುರಿಗೇ ಒಂದು ಕಾರಂಜಿ. ಅದರ ನಡುವೆ ಎತ್ತರದಲ್ಲಿ ಗಡ್ಡದ ಮನುಷ್ಯನೊಬ್ಬ ನಿಂತಿದ್ದಾನೆ. ನಮಗೆ ಕಾಣುವುದು ಅವನ ಬೆನ್ನು. ಮುಖ ಮಾತ್ರ ಬ್ಯಾಂಕುಗಳಿರುವ ಬೀದಿಯ ಕಡೆಗೆ. ಅವನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವವರು ಬೇಕಾದಷ್ಟು, ಯಾರಪ್ಪಾ ಇವನು ಅಂತ ಕೇಳುವವರು ಕಡಿಮೆ. ಹಾಗೆ ಕೇಳಿದವರ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ಯಾರು ಈ ಎಷರ್? ಚಿಕ್ಕದಾಗಿ ಹೇಳಿ.

ಜ್ಯೂರಿಕ್‌ನ ಲಿಬರಲ್ ರಾಜಕಾರಣಿ. ಹುಟ್ಟಿದ್ದು 20 ಫೆಬ್ರವರಿ 1819, ಸತ್ತದ್ದು 6 ಡಿಸೆಂಬರ್ 1882. ಇವತ್ತಿನ ಸ್ವಿಟ್ಜರ್ಲೆಂಡ್ ಅಂದ ಕೂಡಲೇ ನೆನಪಾಗುವ ರೈಲು, ಬ್ಯಾಂಕು, ವಿಮೆ, ತಾಂತ್ರಿಕ ವಿಶ್ವವಿದ್ಯಾಲಯ, ಆಲ್ಪ್ಸ್ ಕೊರೆದ ಗೊಟಾರ್ಡ್ ಸುರಂಗ, ಇಷ್ಟರಲ್ಲೂ ಅವನ ಕೈ ಇದೆ. ಅವನು ಮುಟ್ಟದೆ ಬಿಟ್ಟದ್ದು ಚಾಕೊಲೇಟು, ಗಡಿಯಾರ ಅಷ್ಟೇ ಅಂತ ತಮಾಷೆಗೆ ಹೇಳಬಹುದು.

ಲಿಬರಲ್ ಅಂದರೆ ಇಲ್ಲಿ ಏನರ್ಥ?

ಈಗಿನ ಟಿವಿ ಚರ್ಚೆಯ ಅರ್ಥ ಬೇಡ. 1840ರ ದಶಕದಲ್ಲಿ ಸ್ವಿಟ್ಜರ್ಲೆಂಡ್ ಒಂದು ದೇಶವೇ ಆಗಿರಲಿಲ್ಲ. ಕ್ಯಾಂಟನ್ ಅನ್ನುವ ಸಣ್ಣ ಸಣ್ಣ ರಾಜ್ಯಗಳ ಒಕ್ಕೂಟ ಅಷ್ಟೇ. ಒಂದೊಂದಕ್ಕೂ ಬೇರೆ ಬೇರೆ ನಾಣ್ಯ, ಬೇರೆ ಬೇರೆ ಸುಂಕ. ಇದೆಲ್ಲ ಹೋಗಿ ಒಂದು ಸಂವಿಧಾನ, ಒಂದು ಸಂಸತ್ತು, ಒಂದು ಮಾರುಕಟ್ಟೆ ಬರಬೇಕು ಅಂದವರು ಲಿಬರಲ್‌ಗಳು. ಚರ್ಚಿನ ಹಿಡಿತ ಸಡಿಲವಾಗಬೇಕು, ಶಾಲೆ ಸರ್ಕಾರದ ಕೈಯಲ್ಲಿರಬೇಕು ಅನ್ನುವುದೂ ಸೇರಿತ್ತು. ಎದುರಿಗೆ ನಿಂತವರು ಮುಖ್ಯವಾಗಿ ಕ್ಯಾಥೊಲಿಕ್ ಸಂಪ್ರದಾಯವಾದಿ ಕ್ಯಾಂಟನ್‌ಗಳು.

ಒಂದು ವಿಷಯ ಗಮನಿಸಿ. ಆಗಿನ ಲಿಬರಲ್‌ಗಳಿಗೆ ಜನ ಮತ ಹಾಕಿ ಪ್ರತಿನಿಧಿಗಳನ್ನು ಆರಿಸಿದರೆ ಸಾಕಿತ್ತು. ಆಮೇಲೆ ಓದಿದವರು, ತಿಳಿದವರು ಆಳಬೇಕು. ಪ್ರತಿಯೊಂದು ಕಾನೂನಿಗೂ ಜನರನ್ನು ಕೇಳುತ್ತಾ ಕೂರುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಎಷರ್‌ನ ಏಳು ಬೀಳು ಎರಡಕ್ಕೂ ಬೇರು ಇಲ್ಲೇ ಇದೆ.

ಶ್ರೀಮಂತರ ಮನೆಯ ಹುಡುಗ, ಅಲ್ವಾ?

ಹೌದು, ಆದರೆ ಊರು ಒಪ್ಪಿದ ಶ್ರೀಮಂತಿಕೆ ಅಲ್ಲ. ಎಷರ್ ಮನೆತನ ಹಳೆಯದು. ಅವನ ಅಜ್ಜ ಹಾನ್ಸ್ ಕಾಸ್ಪರ್ 1788ರಲ್ಲಿ ದಿವಾಳಿಯಾಗಿ ಊರಿನವರ ಹಣವನ್ನೂ ಮುಳುಗಿಸಿದ್ದ. ಆಮೇಲೆ ರಷ್ಯಾದ ಸೇವೆಗೆ ಸೇರಿಕೊಂಡ. ಅಪ್ಪ ಹೈನ್ರಿಕ್ ಅಮೆರಿಕಕ್ಕೆ ಹೋಗಿ ವ್ಯಾಪಾರ, ಜಮೀನು ಅಂತ ದುಡ್ಡು ಮಾಡಿ ವಾಪಸ್ ಬಂದ. ಜ್ಯೂರಿಕ್ ಸರೋವರದ ದಂಡೆಯಲ್ಲಿ, ಎಂಗೆ ಅನ್ನುವ ಕಡೆ, ಬೆಲ್ವಾರ್ ಅನ್ನುವ ಬಂಗಲೆ ಕಟ್ಟಿಸಿದ. ಆದರೂ ಹಳೆಯ ಮನೆತನಗಳು ಅವರನ್ನು ಮನಸ್ಸಿಟ್ಟು ಹತ್ತಿರ ಸೇರಿಸಲಿಲ್ಲ.

ಹುಡುಗನಿಗೆ ಮನೆಯಲ್ಲೇ ಪಾಠ. ಹೇಳಿಕೊಟ್ಟವರಲ್ಲಿ ಓಸ್ವಾಲ್ಡ್ ಹೇರ್ ಕೂಡ ಒಬ್ಬ. ಮುಂದೆ ಸಸ್ಯಶಾಸ್ತ್ರದಲ್ಲಿ ದೊಡ್ಡ ಹೆಸರಾದವನು. ಆಮೇಲೆ ಕಾನೂನು ಓದು. ಬಾನ್, ಬರ್ಲಿನ್‌ಗಳಲ್ಲೂ ಓದಿ ಬಂದು 1842ರಲ್ಲಿ ಜ್ಯೂರಿಕ್‌ನಲ್ಲಿ ಡಾಕ್ಟರೇಟ್ ಪಡೆದ.

ಮನೆಯ ದುಡ್ಡಿಗೆ ಗುಲಾಮಗಿರಿಯ ನಂಟು ಇತ್ತಂತೆ, ನಿಜವಾ?

ನಿಜ. ಅವನ ಚಿಕ್ಕಪ್ಪ ಫ್ರೀಡ್ರಿಕ್ ಲುಡ್ವಿಗ್‌ಗೆ ಕ್ಯೂಬಾದಲ್ಲಿ ಕಾಫಿ ತೋಟ ಇತ್ತು. ಅಲ್ಲಿ ಎಂಬತ್ತಕ್ಕೂ ಹೆಚ್ಚು ಗುಲಾಮರು ದುಡಿಯುತ್ತಿದ್ದರು. 1845ರಲ್ಲಿ ಅವನು ಸತ್ತ ಮೇಲೆ ತೋಟ ಎಷರ್‌ನ ಅಪ್ಪನ ಪಾಲಿಗೆ ಬಂತು. ಆಮೇಲೆ ಅದನ್ನು ಮಾರಿದರು. ಎಷರ್ ಬದುಕಿದ್ದಾಗಲೇ ವಿರೋಧಿಗಳು ಈ ಮಾತೆತ್ತಿ ಅವನನ್ನು ಚುಚ್ಚುತ್ತಿದ್ದರು. 2020ರಲ್ಲಿ ಬೇರೆ ದೇಶಗಳಲ್ಲಿ ಪ್ರತಿಮೆಗಳು ಉರುಳಿದಾಗ ಜ್ಯೂರಿಕ್‌ನಲ್ಲೂ ಇವನದನ್ನು ತೆಗೆಯಿರಿ ಅನ್ನುವ ಕೂಗು ಎದ್ದಿತು. ಪ್ರತಿಮೆ ಅಲ್ಲೇ ಉಳಿಯಿತು.

ಎಷರ್ ತಾನೇ ಗುಲಾಮರನ್ನು ಇಟ್ಟುಕೊಂಡಿರಲಿಲ್ಲ, ನಿಜ. ಆದರೆ ಬೆಲ್ವಾರ್ ಬಂಗಲೆಯ ಮಾತು ಬಂದಾಗ ಕ್ಯೂಬಾವನ್ನು ಬಿಟ್ಟು ಹೇಳಿದರೆ ಕಥೆ ಅರ್ಧವೇ ಆಗುತ್ತದೆ.

ರಾಜಕೀಯಕ್ಕೆ ಬಂದದ್ದು ಯಾವಾಗ?

1844ರಲ್ಲಿ, 25ನೇ ವಯಸ್ಸಿಗೆ, ಜ್ಯೂರಿಕ್ ಕ್ಯಾಂಟನ್‌ನ ಶಾಸನಸಭೆಗೆ ಆರಿಸಿ ಬಂದ. ಆಗ ಲುಟ್ಸರ್ನ್ ಕ್ಯಾಂಟನ್ ಜೆಸ್ಯೂಟ್ ಅನ್ನುವ ಕ್ಯಾಥೊಲಿಕ್ ಪಂಗಡದ ಪಾದ್ರಿಗಳನ್ನು ಕರೆಸಿಕೊಂಡು ದೇಶವೆಲ್ಲ ಬಿಸಿಯೇರಿತ್ತು. ಅವರನ್ನು ಹೊರಗಟ್ಟಿ ಅನ್ನುವವರ ಸಾಲಿನಲ್ಲಿ ಎಷರ್ ಮುಂದೆ ನಿಂತ. 1847ರಲ್ಲಿ ಕ್ಯಾಂಟನ್‌ಗಳ ನಡುವೆ ಸಣ್ಣದೊಂದು ಯುದ್ಧವೇ ಆಯಿತು, ಲಿಬರಲ್ ಕಡೆ ಗೆದ್ದಿತು. ಮರುವರ್ಷ ಹೊಸ ಸಂವಿಧಾನ ಬಂತು.

ಆ ವರ್ಷ, 1848ರಲ್ಲಿ, ಎಷರ್ ಕ್ಯಾಂಟನ್ ಸರ್ಕಾರದಲ್ಲೂ ಸೇರಿದ, ಹೊಸ ರಾಷ್ಟ್ರೀಯ ಸಭೆಗೂ ಆರಿಸಿ ಬಂದ. ಆ ಸಭೆಯ ಕುರ್ಚಿಯನ್ನು ಸಾಯುವ ತನಕ, 34 ವರ್ಷ, ಬಿಡಲಿಲ್ಲ. ಸಭೆ ಅವನನ್ನು ನಾಲ್ಕು ಸಲ ಅಧ್ಯಕ್ಷನಾಗಿ ಆರಿಸಿತು. ಅದರಲ್ಲಿ ಒಂದು ಸಲ, 1855ರಲ್ಲಿ, ಆರೋಗ್ಯ ಸರಿಯಿಲ್ಲ ಅಂತ ಬೇಡ ಅಂದ. ಅಷ್ಟು ಕೆಲಸ ಮೈಮೇಲೆ ಹಾಕಿಕೊಂಡವನ ದೇಹ ಮುನಿಯದೆ ಇನ್ನೇನು ಮಾಡೀತು.

ಅಷ್ಟು ದೊಡ್ಡ ಮನುಷ್ಯ ದೇಶದ ಮಂತ್ರಿ ಯಾಕೆ ಆಗಲಿಲ್ಲ?

ಸ್ವಿಸ್ ಸರ್ಕಾರ ನಡೆಸುವುದು ಏಳು ಜನರ ಮಂಡಳಿ. ಒಂದು ಕ್ಯಾಂಟನ್‌ನಿಂದ ಒಬ್ಬರಿಗಿಂತ ಹೆಚ್ಚು ಇರುವಂತಿಲ್ಲ ಅನ್ನುವ ನಿಯಮ ಇತ್ತು. ಜ್ಯೂರಿಕ್ ಪಾಲಿನ ಜಾಗಕ್ಕೆ ಮೊದಲು ಯೋನಾಸ್ ಫುರರ್ ಹೋದ, 1861ರಲ್ಲಿ ಯಾಕೋಬ್ ಡುಬ್ಸ್ ಹೋದ. ಆದರೆ ನಿಜ ಹೇಳಬೇಕು ಅಂದರೆ ಎಷರ್‌ಗೆ ಆ ಕುರ್ಚಿಯ ಹಂಗೇ ಇರಲಿಲ್ಲ. ರಾಜಧಾನಿ ಬರ್ನ್‌ನಲ್ಲಿ ಕೂತ ಮಂತ್ರಿಗಿಂತ ಜ್ಯೂರಿಕ್‌ನಲ್ಲಿ ಕೂತ ಅವನ ಮಾತು ಜಾಸ್ತಿ ನಡೆಯುತ್ತಿತ್ತು. ವಿರೋಧಿಗಳು ಅವನಿಗೆ ಇಟ್ಟ ಅಡ್ಡಹೆಸರುಗಳಲ್ಲಿ ಒಂದು ರೈಲು ರಾಜ.

ರೈಲಿನ ವಿಷಯದಲ್ಲಿ ಅವನು ಮಾಡಿದ್ದೇನು?

1847ರಲ್ಲಿ ಸ್ವಿಟ್ಜರ್ಲೆಂಡ್‌ನ ಒಳಗೆ ಓಡುತ್ತಿದ್ದ ಲೈನು ಒಂದೇ, ಜ್ಯೂರಿಕ್‌ನಿಂದ ಹತ್ತಿರದ ಬಾಡೆನ್‌ಗೆ. ಅಷ್ಟರಲ್ಲಿ ಸುತ್ತಲಿನ ದೇಶಗಳಲ್ಲಿ ಹಳಿಗಳು ಭರದಿಂದ ಬೆಳೆಯುತ್ತಿದ್ದವು. 1849ರಲ್ಲಿ ಸಭೆಯ ಅಧ್ಯಕ್ಷನಾಗಿ ಮಾತಾಡುತ್ತಾ ಎಷರ್ ಎಚ್ಚರಿಸಿದ. ರೈಲುಗಳು ನಮ್ಮನ್ನು ಸುತ್ತಿ ಬಳಸಿ ಹೋಗುವ ಯೋಜನೆಗಳು ಆಗುತ್ತಿವೆ, ಹೀಗೇ ಆದರೆ ನಾವು ಯುರೋಪಿನ ನಡುವೆ ಸನ್ಯಾಸಿಯ ಗುಡಿಸಲಿನ ಹಾಗೆ ಉಳಿದುಬಿಡುತ್ತೇವೆ ಅನ್ನುವುದು ಅವನ ಮಾತಿನ ತಿರುಳು.

ಮುಂದಿನ ಪ್ರಶ್ನೆ, ಹಳಿ ಹಾಕುವವರು ಯಾರು? ಬರ್ನ್‌ನ ಯಾಕೋಬ್ ಸ್ಟೆಂಪ್ಫ್ಲಿ ಸರ್ಕಾರವೇ ಹಾಕಲಿ ಅಂದ. ಎಷರ್ ಖಾಸಗಿ ಕಂಪನಿಗಳು ಹಾಕಲಿ, ಅನುಮತಿ ಕೊಡುವ ಅಧಿಕಾರ ಕ್ಯಾಂಟನ್‌ಗಳಿಗೆ ಇರಲಿ ಅಂದ. 1852ರ ರೈಲ್ವೆ ಕಾಯ್ದೆಯಲ್ಲಿ ಗೆದ್ದದ್ದು ಎಷರ್. ಮರುವರ್ಷವೇ ಎರಡು ಕಂಪನಿಗಳು ಕೂಡಿ ಈಶಾನ್ಯ ರೈಲ್ವೆ ಆಯಿತು, ಅದರ ಚುಕ್ಕಾಣಿ ಹಿಡಿದವನೂ ಅವನೇ. ಹಳಿಗಳು ಬೇಗ ಬೆಳೆದವು. ಕಂಪನಿ ಕಂಪನಿಗಳ ನಡುವೆ ಕಚ್ಚಾಟ, ದಿವಾಳಿಗಳೂ ಬೆಳೆದವು. ಕೊನೆಗೆ 1898ರಲ್ಲಿ ಜನರೇ ಮತ ಹಾಕಿ ದೊಡ್ಡ ರೈಲು ಕಂಪನಿಗಳನ್ನು ಸರ್ಕಾರಕ್ಕೆ ತೆಗೆದುಕೊಂಡರು. ಸ್ಟೆಂಪ್ಫ್ಲಿ ಆಗ ಬದುಕಿರಲಿಲ್ಲ.

ಇಂಜಿನಿಯರಿಂಗ್ ಕಾಲೇಜನ್ನೂ ಅವನೇ ಶುರು ಮಾಡಿದ್ದಾ?

ಒಬ್ಬನೇ ಅಲ್ಲ, ಆದರೆ ಹಿಂದೆ ನಿಂತು ತಳ್ಳಿದವರಲ್ಲಿ ಮುಖ್ಯ. ಅವನಿಗೆ ಬೇಕಿದ್ದದ್ದು ದೊಡ್ಡದೊಂದು ರಾಷ್ಟ್ರೀಯ ವಿಶ್ವವಿದ್ಯಾಲಯ. ಫ್ರೆಂಚ್ ಮಾತಾಡುವ ಕ್ಯಾಂಟನ್‌ಗಳು, ಕ್ಯಾಥೊಲಿಕ್ ಕ್ಯಾಂಟನ್‌ಗಳು ಒಪ್ಪಲಿಲ್ಲ. ಸಿಕ್ಕಿದ್ದು ಪಾಲಿಟೆಕ್ನಿಕ್. 1854ರಲ್ಲಿ ಕಾನೂನು, 1855ರಲ್ಲಿ ಪಾಠ ಶುರು. ಅದೇ ಇವತ್ತಿನ ಇಟಿಎಚ್ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯ. ಅದರ ಆಡಳಿತ ಮಂಡಳಿಯ ಉಪಾಧ್ಯಕ್ಷನಾಗಿ ಸಾಯುವವರೆಗೂ ಇದ್ದ.

ಕ್ರೆಡಿಟ್ ಸ್ವೀಸ್ ಹುಟ್ಟಿದ ಕಥೆ ಏನು?

ರೈಲಿಗೆ ದುಡ್ಡು ಬೇಕು. ಆಗ ಜ್ಯೂರಿಕ್‌ನಲ್ಲಿದ್ದದ್ದು ಸಣ್ಣ ಖಾಸಗಿ ಬ್ಯಾಂಕುಗಳು. ದೊಡ್ಡ ದುಡ್ಡು ಬೇಕಾದರೆ ಪ್ಯಾರಿಸ್‌ನವರ ಮುಂದೆ ಕೈ ಚಾಚಬೇಕು. ದುಡ್ಡು ಕೊಟ್ಟವರು ಹಳಿ ಎಲ್ಲಿ ಹೋಗಬೇಕು ಅಂತಲೂ ಹೇಳುತ್ತಾರೆ. ಹಾಗಾದರೆ ನಮ್ಮದೇ ಬ್ಯಾಂಕ್ ಮಾಡೋಣ ಅಂತ 1856ರಲ್ಲಿ ಎಷರ್ ಮತ್ತು ಜೊತೆಗಾರರು ಶ್ವೈಟ್ಸರಿಷೆ ಕ್ರೆಡಿಟ್‌ಆನ್‌ಸ್ಟಾಲ್ಟ್ ಶುರು ಮಾಡಿದರು. ನಾವು ಕ್ರೆಡಿಟ್ ಸ್ವೀಸ್ ಅಂದದ್ದು ಇದನ್ನೇ.

ಬಂಡವಾಳದ ಅರ್ಧ ಜರ್ಮನಿಯ ಲೈಪ್‌ಜಿಗ್‌ನ ಬ್ಯಾಂಕೊಂದು ಹಾಕಿತು. ಸಾರ್ವಜನಿಕರಿಗೆ ಅಂತ ಬಿಟ್ಟದ್ದು 30 ಲಕ್ಷ ಫ್ರಾಂಕ್‌ನ ಷೇರು. ಮೂರು ದಿನದಲ್ಲಿ ಬಂದ ಅರ್ಜಿಗಳ ಮೊತ್ತ 21 ಕೋಟಿ 80 ಲಕ್ಷ! ಕೇಳಿದ್ದರ ಎಪ್ಪತ್ತು ಪಟ್ಟಿಗೂ ಮೇಲೆ. ನಮ್ಮ ಐಪಿಒ ಜ್ವರ ನೋಡಿದವರಿಗೆ ಇದು ಹೊಸದೇನಲ್ಲ. ಆದರೆ ಆ ಕಾಲದ ಜ್ಯೂರಿಕ್ ಒಂದು ಸಣ್ಣ ಊರು ಅನ್ನುವುದು ನೆನಪಿರಲಿ.

ಮರುವರ್ಷ, 1857ರಲ್ಲಿ, ಕೊನ್ರಾಡ್ ವಿಡ್ಮರ್ ಅನ್ನುವವನು ಜೀವವಿಮೆ ಸಂಸ್ಥೆ ಶುರು ಮಾಡಿದಾಗ ಈ ಬ್ಯಾಂಕೇ ಜಾಮೀನು ನಿಂತಿತು. ಅದು ಈಗಿನ ಸ್ವಿಸ್ ಲೈಫ್. ವಿಡ್ಮರ್ ಮೊದಲು ಮಾಡುತ್ತಿದ್ದ ಕೆಲಸ ಏನು ಗೊತ್ತಾ? ಜೈಲಿನ ಮುಖ್ಯಸ್ಥ. ವಿಮೆ ಕಂಪನಿಗಳಿಗೇ ವಿಮೆ ಕೊಡುವ ಸ್ವಿಸ್ ರೀ 1863ರಲ್ಲಿ ಹುಟ್ಟುವುದಕ್ಕೂ ಈ ಬ್ಯಾಂಕ್ ಕೈ ಜೋಡಿಸಿತು.

ಶಾಸಕ, ಬ್ಯಾಂಕ್ ಅಧ್ಯಕ್ಷ, ರೈಲು ಕಂಪನಿ ಮುಖ್ಯಸ್ಥ, ಎಲ್ಲಾ ಒಬ್ಬನೇ! ಇದನ್ನು ಯಾರೂ ಕೇಳಲಿಲ್ಲವಾ?

ಕೇಳಿದರು, ಸ್ವಲ್ಪ ತಡವಾಗಿ. ಈ ಏರ್ಪಾಟಿಗೆ ಅಂಟಿದ ಹೆಸರೇ 'ಎಷರ್ ಪದ್ಧತಿ'. ರೈಲು ಕಾನೂನು ಮಾಡುವ ಸಭೆಯಲ್ಲಿ ಅವನು. ಕಾನೂನಿನ ಕೆಳಗೆ ಓಡುವ ಕಂಪನಿಯಲ್ಲಿ ಅವನು. ಆ ಕಂಪನಿಗೆ ಸಾಲ ಕೊಡುವ ಬ್ಯಾಂಕಿನಲ್ಲೂ ಅವನೇ. ಲಂಚ ತಿಂದ ಅಂತ ಯಾರೂ ತೋರಿಸಿಕೊಟ್ಟಿಲ್ಲ, ಅದನ್ನು ಹೇಳಬೇಕು. ದುಡ್ಡು ಅವನಿಗೆ ಮೊದಲೇ ಇತ್ತು. ತೊಂದರೆ ಬೇರೆ. ಅವನ ಬಳಗದಲ್ಲಿ ಇಲ್ಲದವನಿಗೆ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ. ಅವನ ಬ್ಯಾಂಕ್ ಹಳಿಗೆ, ಕಾರ್ಖಾನೆಗೆ ಸಾಲ ಕೊಡುತ್ತಿತ್ತು. ನಾಲ್ಕು ಹಸು ಇಟ್ಟ ರೈತನಿಗೆ, ಸಣ್ಣ ಕಸುಬುದಾರನಿಗೆ ಅಲ್ಲ.

ಹಾಗಾದರೆ ಜನ ತಿರುಗಿಬಿದ್ದದ್ದು ಯಾವಾಗ?

1860ರ ದಶಕದ ಕೊನೆಗೆ. ನನಗೆ ಇವನ ಕಥೆಯಲ್ಲಿ ಸುರಂಗಕ್ಕಿಂತ ದೊಡ್ಡದಾಗಿ ಕಾಣುವುದು ಈ ಭಾಗ.

ಫ್ರೀಡ್ರಿಕ್ ಲೋಕರ್ ಅನ್ನುವ ವಕೀಲ 1866ರಿಂದ ಒಂದಾದ ಮೇಲೊಂದು ಕರಪತ್ರ ಬರೆದು ಎಷರ್ ಬಳಗವನ್ನು ಹೆಸರು ಹಿಡಿದು ಬೈಯತೊಡಗಿದ. ಅದರಲ್ಲಿ ನಿಜವೆಷ್ಟೋ ಉಪ್ಪುಖಾರವೆಷ್ಟೋ, ಜನ ಮಾತ್ರ ಮುಗಿಬಿದ್ದು ಓದಿದರು. 1867ರಲ್ಲಿ ಜ್ಯೂರಿಕ್‌ಗೆ ಕಾಲರಾ ಬಡಿಯಿತು. ಸುಮಾರು 500 ಜನ ಸತ್ತರು, ಹೆಚ್ಚಿನವರು ಬಡವರ ಕೇರಿಯವರು. ಅದೇ ವರ್ಷ ಡಿಸೆಂಬರ್ 15ರಂದು, ಕೊರೆಯುವ ಚಳಿಯಲ್ಲಿ, ಜ್ಯೂರಿಕ್, ವಿಂಟರ್‌ತೂರ್, ಉಸ್ಟರ್, ಬ್ಯೂಲಾಕ್ ನಾಲ್ಕೂ ಕಡೆ ಸಾವಿರಾರು ಜನ ಬಯಲಲ್ಲಿ ಸೇರಿದರು. ಕೇಳಿದ್ದು ಹೊಸ ಸಂವಿಧಾನ.

1869ರಲ್ಲಿ ಅದು ಬಂತು. ಕ್ಯಾಂಟನ್ ಮಂತ್ರಿಗಳನ್ನು ಜನರೇ ನೇರವಾಗಿ ಆರಿಸುವುದು, ಕಾನೂನುಗಳನ್ನು ಜನಮತಕ್ಕೆ ಹಾಕುವುದು, ಸಹಿ ಸಂಗ್ರಹಿಸಿ ಜನರೇ ಕಾನೂನು ಸೂಚಿಸುವುದು, ಎಲ್ಲ ಅದರಲ್ಲಿತ್ತು. 1870ರಲ್ಲಿ ಸಣ್ಣವರಿಗೆ ಸಾಲ ಕೊಡಲೆಂದೇ ಕ್ಯಾಂಟನ್‌ನ ಸ್ವಂತ ಬ್ಯಾಂಕ್ ಶುರುವಾಯಿತು. ಈ ಬಿರುಗಾಳಿ ಎಬ್ಬಿಸಿದವರು ತಮ್ಮನ್ನು ಡೆಮಾಕ್ರಾಟ್‌ಗಳು ಅಂತ ಕರೆದುಕೊಂಡರು. ಅವರ ಕೋಟೆ ವಿಂಟರ್‌ತೂರ್. ಇವತ್ತು ಜಗತ್ತು ಹೊಗಳುವ ಸ್ವಿಸ್ ಜನಮತದ ಪದ್ಧತಿಗೆ ದೊಡ್ಡ ಒತ್ತು ಸಿಕ್ಕಿದ್ದು ಹೀಗೆ, ಒಬ್ಬ ಲಿಬರಲ್‌ನ ಮೇಲಿನ ಸಿಟ್ಟಿನಿಂದ.

ಗೊಟಾರ್ಡ್ ಸುರಂಗ ಮೊದಲಿನಿಂದಲೂ ಅವನ ಕನಸಾ?

ಇಲ್ಲ! ಮೊದಲು ಅವನು ಹಿಡಿದದ್ದು ಪೂರ್ವದ ಲುಕ್ಮನಿಯರ್ ಕಣಿವೆಯನ್ನು. 1860ರ ದಶಕದಲ್ಲಿ ಮನಸ್ಸು ಬದಲಾಯಿಸಿ ಗೊಟಾರ್ಡ್ ಕಡೆ ಬಂದ. ಬಂದ ಮೇಲೆ ಹಿಂದೆ ನೋಡಲಿಲ್ಲ. ಇಟಲಿಯ ಜೊತೆ 1869ರಲ್ಲಿ ಒಪ್ಪಂದ ಆಯಿತು, 1871ರಲ್ಲಿ ಜರ್ಮನಿ ಸೇರಿತು, ಅದೇ ವರ್ಷ ಗೊಟಾರ್ಡ್ ರೈಲ್ವೆ ಕಂಪನಿ ಹುಟ್ಟಿತು. ಆಡಳಿತದ ಅಧ್ಯಕ್ಷ ಯಾರು ಅಂತ ಹೇಳಬೇಕಾ?

ಲೆಕ್ಕ ಹಾಕಿದ ಖರ್ಚು 18 ಕೋಟಿ 70 ಲಕ್ಷ ಫ್ರಾಂಕ್. ಅದರಲ್ಲಿ ಇಟಲಿ 4.5 ಕೋಟಿ, ಜರ್ಮನಿ 2 ಕೋಟಿ, ಸ್ವಿಸ್ ಕಡೆಯಿಂದ 2 ಕೋಟಿ. ಉಳಿದದ್ದು ಷೇರು, ಬಾಂಡು. ಗೋಷೆನೆನ್‌ನಿಂದ ಐರೋಲೊ ತನಕ 15 ಕಿ.ಮೀ. ಸುರಂಗ ಕೊರೆಯುವ ಗುತ್ತಿಗೆ 1872ರಲ್ಲಿ ಜಿನೀವಾದ ಲೂಯಿ ಫಾವ್ರ್‌ಗೆ ಸಿಕ್ಕಿತು. ಎಂಟು ವರ್ಷದಲ್ಲಿ ಮುಗಿಸಬೇಕು. ತಡವಾದ ಪ್ರತಿ ದಿನಕ್ಕೆ 5,000 ಫ್ರಾಂಕ್ ದಂಡ, ಬೇಗ ಮುಗಿಸಿದರೆ ದಿನಕ್ಕೆ ಅಷ್ಟೇ ಬಹುಮಾನ. ಮೇಲೆ 80 ಲಕ್ಷ ಠೇವಣಿ. ಈ ಷರತ್ತಿಗೆ ಸಹಿ ಹಾಕಿದ ಫಾವ್ರ್‌ನ ಧೈರ್ಯಕ್ಕೆ ಏನನ್ನಬೇಕೋ.

ಸುರಂಗದ ಒಳಗೆ ಕೆಲಸ ಹೇಗಿತ್ತು?

ಕೆಲಸಗಾರರಲ್ಲಿ ಬಹುಪಾಲು ಬಡ ಇಟಾಲಿಯನ್ನರು. ಒಳಗೆ ಬೇಯಿಸುವ ಸೆಕೆ, ಡೈನಮೈಟ್ ಹೊಗೆ, ಮೊಣಕಾಲುದ್ದ ನೀರು. ಶೌಚಕ್ಕೆ ಸರಿಯಾದ ಜಾಗ ಇರಲಿಲ್ಲ. ಹಾಗಾಗಿ ಕೊಕ್ಕೆಹುಳು ಹರಡಿ ಜನ ರಕ್ತವಿಲ್ಲದೆ ಬಿಳಿಚಿಕೊಂಡರು. 1875ರ ಜುಲೈನಲ್ಲಿ ಗೋಷೆನೆನ್‌ನಲ್ಲಿ ಮುಷ್ಕರ ಹೂಡಿದಾಗ ಗುಂಡು ಹಾರಿಸಿದರು, ನಾಲ್ವರು ಸತ್ತರು. ಅಪಘಾತಗಳಲ್ಲಿ ಸತ್ತವರು ಇನ್ನೂರರ ಹತ್ತಿರ. ಕಾಯಿಲೆ ಹೊತ್ತು ಊರಿಗೆ ಹೋಗಿ ಸತ್ತವರು ಈ ಲೆಕ್ಕದಲ್ಲಿ ಸೇರುವುದಿಲ್ಲ. ಎಷರ್‌ನ ಹೊಗಳಿಕೆಯ ಭಾಷಣಗಳಲ್ಲಿ ಈ ಪುಟ ಬೇಗ ಮಗುಚಿಹೋಗುತ್ತದೆ.

ಅವನನ್ನು ಕೆಳಗಿಳಿಸಿದ್ದು ಯಾಕೆ?

ದುಡ್ಡು ಸಾಲಲಿಲ್ಲ. 1876ಕ್ಕೆ ಇನ್ನೂ ಸುಮಾರು 10 ಕೋಟಿ ಬೇಕು ಅಂತ ಗೊತ್ತಾಯಿತು. ಅಲ್ಲಿ ಇಲ್ಲಿ ಕತ್ತರಿಸಿ 4 ಕೋಟಿಗೆ ಇಳಿಸಿದರು. ಅದೇ ಹೊತ್ತಿಗೆ ಈಶಾನ್ಯ ರೈಲ್ವೆಯ ಷೇರು ನೆಲ ಕಚ್ಚಿತ್ತು. ಇಟಲಿ, ಜರ್ಮನಿಗಳ ಮುಂದೆ ಮತ್ತೆ ಜೋಳಿಗೆ ಹಿಡಿಯಬೇಕು, ದೇಶದ ಖಜಾನೆಗೂ ಕೈ ಹಾಕಬೇಕು. ಇಷ್ಟಕ್ಕೆಲ್ಲ ಯಾರಾದರೂ ತಲೆ ಕೊಡಬೇಕಲ್ಲ? ಕೇಂದ್ರ ಮಂತ್ರಿ ಎಮಿಲ್ ವೆಲ್ಟಿಯ ಒತ್ತಡಕ್ಕೆ 1878ರಲ್ಲಿ ಎಷರ್ ಗೊಟಾರ್ಡ್ ಕಂಪನಿಯ ಅಧ್ಯಕ್ಷತೆಗೆ ರಾಜೀನಾಮೆ ಕೊಟ್ಟ.

ಆಮೇಲೆ ಆದದ್ದು ನೋಡಿ. ಸ್ವಿಸ್ ಪಾಲಿನ ಹೊಸ ಹಣದ ಪ್ರಶ್ನೆ 1879ರ ಜನವರಿಯಲ್ಲಿ ದೇಶದ ಜನಮತಕ್ಕೆ ಹೋಯಿತು. ಸುಮಾರು ನೂರಕ್ಕೆ ಎಪ್ಪತ್ತು ಜನ ಕೊಡಿ ಅಂದರು. ಎಷರ್ ನಂಬದೇ ಇದ್ದ ಅದೇ ಜನಮತ ಅವನ ಸುರಂಗವನ್ನು ಉಳಿಸಿತು.

ಸುರಂಗ ಕೂಡಿದ ದಿನ ಅವನು ಎಲ್ಲಿದ್ದ?

ಅಲ್ಲಿರಲಿಲ್ಲ. ಕರೆದಿರಲಿಲ್ಲ.

29 ಫೆಬ್ರವರಿ 1880, ಭಾನುವಾರ. ಎರಡೂ ಕಡೆಯಿಂದ ಕೊರೆದುಕೊಂಡು ಬಂದವರು ಬೆಟ್ಟದ ಹೊಟ್ಟೆಯಲ್ಲಿ ಎದುರಾದರು. ಅಡ್ಡಕ್ಕೆ ಬಂದ ವ್ಯತ್ಯಾಸ ಬರೀ 33 ಸೆಂಟಿಮೀಟರ್, ಎತ್ತರದಲ್ಲಿ 5 ಸೆಂಟಿಮೀಟರ್. ತೂತಿನಿಂದ ಮೊದಲು ದಾಟಿದ್ದು ಮನುಷ್ಯನಲ್ಲ, ಒಂದು ತಗಡಿನ ಡಬ್ಬಿ. ಅದರೊಳಗೆ ಲೂಯಿ ಫಾವ್ರ್‌ನ ಚಿತ್ರ. ಹಿಂದಿನ ವರ್ಷ ಜುಲೈನಲ್ಲಿ ಇದೇ ಸುರಂಗದೊಳಗೆ ಅವನು ಕುಸಿದು ಸತ್ತಿದ್ದ. ಮೊದಲು ದಾಟುವ ಹಕ್ಕು ಧಣಿಯದು ಅಂತ ಅವನ ಜನ ಹಾಗೆ ಮಾಡಿದರು.

1882ರ ಮೇ ತಿಂಗಳಲ್ಲಿ ಮಾರ್ಗ ಉದ್ಘಾಟನೆ ಆದಾಗ ಎಷರ್‌ಗೆ ಕರೆ ಬಂತು. ಕಾಯಿಲೆ ಬಿದ್ದಿದ್ದ, ಹೋಗಲಾಗಲಿಲ್ಲ. ಆ ವರ್ಷ ಮುಗಿಯುವ ಮೊದಲೇ ಬೆಲ್ವಾರ್‌ನಲ್ಲಿ ಕಣ್ಣು ಮುಚ್ಚಿದ.

ಹೆಂಡತಿ, ಮಕ್ಕಳು?

38ನೇ ವಯಸ್ಸಿಗೆ, 1857ರಲ್ಲಿ, ಔಗುಸ್ಟಾ ಫಾನ್ ಯೂಬೆಲ್‌ಳನ್ನು ಮದುವೆಯಾದ. ಆಕೆ ಅವನಿಗಿಂತ 19 ವರ್ಷ ಚಿಕ್ಕವಳು. ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳು ಕೂಸಾಗಿದ್ದಾಗಲೇ ಹೋದಳು, 1864ರಲ್ಲಿ ಔಗುಸ್ಟಾ ಕೂಡ. ಉಳಿದದ್ದು ದೊಡ್ಡ ಮಗಳು ಲಿಡಿಯಾ. ಸ್ವಲ್ಪ ದೊಡ್ಡವಳಾದ ಮೇಲೆ ಅಪ್ಪನ ಮನೆ ನೋಡಿಕೊಂಡಳು, ಅವನ ಪತ್ರಗಳನ್ನೂ ಬರೆದುಕೊಟ್ಟಳು.

ಅಪ್ಪ ಸತ್ತ ಮರುವರ್ಷ ಆಕೆ ಮದುವೆಯಾದದ್ದು ಯಾರನ್ನು ಅಂದುಕೊಂಡಿರಿ? ಎಮಿಲ್ ವೆಲ್ಟಿಯ ಮಗನನ್ನು. ಅದೇ ವೆಲ್ಟಿ. ಮದುವೆ ಸುಖದ್ದಾಗಲಿಲ್ಲ. ಕಾರ್ಲ್ ಸ್ಟೌಫರ್ ಅನ್ನುವ ಚಿತ್ರಕಾರನ ಮೇಲೆ ಮನಸ್ಸಾಗಿ 1889ರಲ್ಲಿ ಅವನ ಜೊತೆ ರೋಮ್‌ಗೆ ಹೋದಳು. ಅವನನ್ನು ಜೈಲಿಗೆ ಹಾಕಿದರು, ಇವಳನ್ನು ಹುಚ್ಚಾಸ್ಪತ್ರೆಗೆ. ಹೊರಗೆ ಬಂದು 1890ರಲ್ಲಿ ಗಂಡನಿಂದ ಬಿಡುಗಡೆ ಪಡೆದಳು. ತನ್ನ ಪಾಲಿನ ಆಸ್ತಿಯ ಬಹುಭಾಗವನ್ನು ದೇಶಕ್ಕೆ ಕಲಾಕೃತಿ ಕೊಳ್ಳಲು ಬರೆದುಕೊಟ್ಟಳು. ಆ ನಿಧಿಗೆ ತನ್ನ ಹೆಸರಲ್ಲ, ಲೇಖಕ ಗಾಟ್‌ಫ್ರೀಡ್ ಕೆಲ್ಲರ್‌ನ ಹೆಸರು. 1891ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿ ಜೀವ ಕಳೆದುಕೊಂಡಳು. 33 ವರ್ಷ. ನಿಧಿ ಈಗಲೂ ಇದೆ.

ಅವನ ಬ್ಯಾಂಕ್ ಈಗ ಇಲ್ಲವಲ್ಲ?

ಇಲ್ಲ. 19 ಮಾರ್ಚ್ 2023ರ ಭಾನುವಾರ ಸಂಜೆ ಎದುರಾಳಿ ಸ್ವಿಸ್ ಬ್ಯಾಂಕ್ ಯುಬಿಎಸ್ ಅದನ್ನು 300 ಕೋಟಿ ಫ್ರಾಂಕ್‌ಗೆ ಕೊಂಡುಕೊಳ್ಳುತ್ತದೆ ಅಂತ ಸರ್ಕಾರ ಘೋಷಿಸಿತು. 167 ವರ್ಷದ ಆಯುಸ್ಸು. ಎಷರ್‌ನನ್ನು ಇದಕ್ಕೆ ದೂರುವುದು ಸುಮ್ನೆ ಮಾತು.

ಜ್ಯೂರಿಕ್‌ಗೆ ಹೋದರೆ ನೋಡುವಂಥದ್ದು ಏನಿದೆ?

ನಿಲ್ದಾಣದ ಮುಂದಿನ ಪ್ರತಿಮೆ ಇದ್ದೇ ಇದೆ. ರಿಚರ್ಡ್ ಕಿಸ್ಲಿಂಗ್ ಮಾಡಿದ್ದು, 1889ರ ಜೂನ್‌ನಲ್ಲಿ ತೆರೆದದ್ದು. ಆರು ವರ್ಷ ಕಳೆದು ಆಲ್ಟ್‌ಡೋರ್ಫ್‌ನಲ್ಲಿ ಸ್ವಿಸ್ ದಂತಕಥೆಯ ವೀರ ವಿಲಿಯಂ ಟೆಲ್‌ನ ಪ್ರತಿಮೆ ನಿಲ್ಲಿಸಿದವನೂ ಇವನೇ. ಪ್ರತಿಮೆಯ ಹಿಂದಿನ ನಿಲ್ದಾಣವೂ ಎಷರ್ ಕಾಲದ್ದು, 1871ರಲ್ಲಿ ಈಶಾನ್ಯ ರೈಲ್ವೆ ಕಟ್ಟಿಸಿದ್ದು.

ಆಮೇಲೆ ಸಮಯ ಇದ್ದರೆ ಎಂಗೆ ಕಡೆ ಹೋಗಿ. ಬೆಲ್ವಾರ್ ತೋಟ ಈಗ ಸಾರ್ವಜನಿಕ ಉದ್ಯಾನ, ಟಿಕೆಟ್ ಇಲ್ಲ. ಬಂಗಲೆಯಲ್ಲಿ ಊಟದ ಹೋಟೆಲ್ ಇದೆ, ಹೋಟೆಲ್ ಕೆಲಸ ಕಲಿಯುವ ಮಕ್ಕಳು ಬಡಿಸುತ್ತಾರೆ. ನಮ್ಮ ಜೇಬಿಗೆ ಸ್ವಲ್ಪ ಭಾರವೇ. ಬುತ್ತಿ ಕಟ್ಟಿಕೊಂಡು ಹೋಗಿ ಮರದ ಕೆಳಗೆ ಕೂತರೆ ಯಾರೂ ಏನೂ ಅನ್ನುವುದಿಲ್ಲ.